ಮಂದಣ್ಣನ ನಿದ್ರೆ

ಕಳಸದ ಸುತ್ತಿನ ಕಾಫಿ ತೋಟದ ಮನೆಗಳಲ್ಲಿ ಪಂಚಾಂಗಕ್ಕೆ ಸಲ್ಲುವಷ್ಟೇ ಗೌರವ ಸಲ್ಲುವ ಇನ್ನೊಂದು ಪುಸ್ತಕವಿರುತ್ತದೆ. ಅದು ಮಳೆಯ ಲೆಕ್ಕದ ಪುಸ್ತಕ. ಅಂಗಳದ ತೆರವಿನಲ್ಲಿ ನಿಲ್ಲಿಸಿದ ಮಾಪಕದ ನೀರನ್ನು ಪ್ರತಿದಿನ ಬೆಳಗ್ಗೆ ಗಾಜಿನ ಅಳತೆಗೊಳವೆಗೆ ಸುರಿದು, ಅದನ್ನು ಕಣ್ಣಿನ ನೇರಕ್ಕೆ ಎತ್ತಿ ಹಿಡಿದು, ಕಂಡ ಅಂಕಿಯನ್ನು ಇಂಚು ಮತ್ತು ಇಂಚಿನ ನೂರನೆಯ ಪಾಲಾದ ಸೆಂಟುಗಳಲ್ಲಿ ಬರೆದಿಡುವ ಈ ಕರ್ಮವನ್ನು ತಂದೆಯಿಂದ ಮಗನಿಗೆ ಉಪದೇಶದಂತೆ ದಾಟಿಸಿಕೊಂಡು ಬಂದ ಮನೆತನಗಳನ್ನು ನಾನು ಬಲ್ಲೆ. ದೇಶವೆಲ್ಲ ಮಿಲಿಮೀಟರಿಗೆ ಹೊರಳಿ ಎಷ್ಟೋ ಕಾಲವಾದರೂ ತೋಟದವನಿಗೆ ಮಳೆ ಇಂದಿಗೂ ಇಂಚೇ. ‘ನಿನ್ನೆ ನಾಲ್ಕು ಇಂಚು ಇಪ್ಪತ್ತು ಸೆಂಟು’ ಎಂದರೆ ಮಾತ್ರ ಅವನ ಮನಸ್ಸಿನೊಳಗೆ ನೀರು ಹರಿಯುತ್ತದೆ.

ಕಳೆದ ಆರಿದ್ರಾ ಮಳೆಯಲ್ಲಿ ತಮ್ಮನ ಮನೆಗೆ ಹೋಗಿದ್ದಾಗ, ಹೊರಗೆ ಕಾಲಿಡಲಾಗದೆ ಜಗಲಿಯಲ್ಲಿ ಕುಳಿತು ಆ ಪುಸ್ತಕವನ್ನು ತಿರುವಿಹಾಕುತ್ತಿದ್ದ ನನಗೆ, ಮಳೆಯ ಅಂಕಿಗಳ ಪಕ್ಕದಲ್ಲಿ ಹಸಿರು ಶಾಯಿಯ ಬೇರೊಂದು ಕೈಬರಹ ಕಂಡಿತು. ‘ಮಂದಣ್ಣ ಏಳಲಿಲ್ಲ.’ ಮರುದಿನ: ‘ಏಳಲಿಲ್ಲ. ಒಂದು ಕಣ್ಣು ತೆರೆದ.’ ಅದರ ಮರುದಿನ: ‘ಕುಂಬಳಕಾಯಿ ಮುಟ್ಟಲಿಲ್ಲ.’ ಮಂದಣ್ಣನೆಂಬವನು ತೋಟದ ಆಳುಗಳಲ್ಲೊಬ್ಬನಿರಬೇಕು, ಮಳೆಯಲ್ಲಿ ನೆಂದು ಜ್ವರ ಹಿಡಿದಿರಬೇಕು ಎಂದು ಭಾವಿಸಿ ವಿಚಾರಿಸಲು, ತಮ್ಮನ ಮಗಳು ನನ್ನನ್ನು ಊಟದ ಕೋಣೆಯ ಮೂಲೆಗೆ ಕರೆದೊಯ್ದು, ನಾಲ್ಕಡಿ ಉದ್ದದ ಗಾಜಿನ ಪೆಟ್ಟಿಗೆಯೊಂದನ್ನು ತೋರಿಸಿದಳು. ಅದರೊಳಗೆ, ಎರಡು ಇಟ್ಟಿಗೆಗಳ ಸಂದಿಯಲ್ಲಿ, ಮೊಳದುದ್ದದ ಒಂದು ಓತಿ ಮೈಯನ್ನು ರೊಟ್ಟಿಯಂತೆ ಚಪ್ಪಟೆ ಮಾಡಿಕೊಂಡು, ಗದ್ದವನ್ನು ನೆಲಕ್ಕೂರಿ, ಲೋಕಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಬಿದ್ದಿತ್ತು.

“ದೊಡ್ಡಪ್ಪ, ಇವನು ಮಲಗಿದ್ದಾನೋ ಸಾಯ್ತಾ ಇದ್ದಾನೋ, ನೀವೇ ನೋಡಿ ಹೇಳಿ” ಎಂದಳು ಹುಡುಗಿ. ಮೂವತ್ತು ವರ್ಷ ಪ್ರಾಣಿಶಾಸ್ತ್ರದ ಪಾಠ ಹೇಳಿದ ತಪ್ಪಿಗೆ ನನಗೆ ಬಂಧುಗಳ ಮನೆಗಳಲ್ಲಿ ಇಂತಹ ಪ್ರಶ್ನೆಗಳು ಆಗಾಗ್ಗೆ ಎದುರಾಗುವುದುಂಟು. ಆದರೆ ಈ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಬಲ್ಲವನು ಪಂಡಿತನಲ್ಲ, ಧೂರ್ತ.

ಹೆಸರಿನ ವಿಚಾರವನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಪ್ರಕಟವಾದಂದಿನಿಂದ ಮೂಡಿಗೆರೆಯ ಸೀಮೆಯಲ್ಲಿ ಓತಿಯ ಕುಲಕ್ಕೆ ಒಂದು ವಿಶೇಷ ಮರ್ಯಾದೆ ಪ್ರಾಪ್ತವಾಗಿದೆ. ಆ ಕಾದಂಬರಿಯಲ್ಲಿ ಹಾರುವ ಓತಿಯ ಅನ್ವೇಷಣೆಗೆ ವಿಜ್ಞಾನಿಯ ಜೊತೆಯಾಗುವ ಹಳ್ಳಿಗ ಮಂದಣ್ಣನ ಹೆಸರನ್ನೇ ಹುಡುಗಿ ತನ್ನ ಪೆಟ್ಟಿಗೆಯ ನಿವಾಸಿಗೆ ಇಟ್ಟಿದ್ದಳು. ಹೆಸರು ಮೂಡಿಗೆರೆಯದಾದರೂ ಹುಟ್ಟು ಬೇರೆ. ಸಾಕುಪ್ರಾಣಿಯ ಅಂಗಡಿಯವರು ಬಿಯರ್ಡೆಡ್ ಡ್ರ್ಯಾಗನ್ ಎಂದು ಮಾರುವ, ನಾವು ಗಡ್ಡದ ಓತಿ ಎನ್ನಬಹುದಾದ ಈ ಜೀವಿಯ ಮೂಲಸ್ಥಾನ ಆಸ್ಟ್ರೇಲಿಯದ ಒಳನಾಡಿನ ಒಣಭೂಮಿ. ಶಾಸ್ತ್ರೀಯ ನಾಮ ಪೊಗೊನ ವಿಟಿಸೆಪ್ಸ್. ಸಿಟ್ಟು ಬಂದಾಗ ಗಂಟಲಿನ ಕೆಳಗಿನ ಮುಳ್ಳುಚರ್ಮವನ್ನು ಉಬ್ಬಿಸಿ ಕಪ್ಪಾಗಿಸುವುದರಿಂದ ಗಡ್ಡದ ಬಿರುದು ಬಂದಿದೆ. ಆಸ್ಟ್ರೇಲಿಯ ತನ್ನ ವನ್ಯಜೀವಿಗಳ ವಾಣಿಜ್ಯ ರಫ್ತನ್ನು ದಶಕಗಳ ಹಿಂದೆಯೇ ನಿಷೇಧಿಸಿದ್ದರೂ, ಹೇಗೋ ಹೊರಬಂದ ಕೆಲವುಗಳ ಸಂತತಿ ಪಂಜರಗಳಲ್ಲಿಯೇ ಪೀಳಿಗೆಯ ಮೇಲೆ ಪೀಳಿಗೆಯಾಗಿ ಬೆಳೆದು, ಇಂದು ಬೆಂಗಳೂರಿನ ವಿದ್ಯಾರ್ಥಿನಿಯೊಬ್ಬಳ ಕೋಣೆಯನ್ನೂ, ರಜೆಯಲ್ಲಿ ಆಕೆಯ ಜೊತೆ ಬಸ್ಸೇರಿ ಕೊಟ್ಟಿಗೆಹಾರದ ಮಳೆಯನ್ನೂ ಕಂಡಿದೆ. ಮರಳುಗಾಡಿನ ಪ್ರಾಣಿಯನ್ನು ಮಲೆನಾಡಿನಲ್ಲಿ ಸಾಕುವುದು ನನಗೆ ಸಮ್ಮತವಲ್ಲ. ಅದನ್ನು ಹುಡುಗಿಗೂ ಹೇಳಿದೆ. ಆದರೆ ಮನೆಗೆ ಬಂದ ಜೀವವನ್ನು ತತ್ತ್ವ ಹೇಳಿ ಬದುಕಿಸಲಾಗುವುದಿಲ್ಲವಷ್ಟೆ.

ವಿಚಿತ್ರವೆಂದರೆ, ಪೆಟ್ಟಿಗೆಯ ಒಳಗಿನದೂ ಬೇಲಿಯ ಮೇಲಿನದೂ ದಾಯಾದಿಗಳೇ. ನಮ್ಮ ಬೇಲಿಗೂಟದ ಮೇಲೆ ದಂಡ ಹೊಡೆಯುವ ಓತಿಕ್ಯಾತ, ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿ, ಆಸ್ಟ್ರೇಲಿಯದ ಈ ಗಡ್ಡಧಾರಿ, ಮೂವರೂ ಅಗಮಿಡೆ ಎಂಬ ಒಂದೇ ಕುಟುಂಬಕ್ಕೆ ಸೇರಿದವರು. ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಎಂಬ ಗಾದೆಯನ್ನು ಕಟ್ಟಿದ ನಮ್ಮ ಪೂರ್ವಿಕರು ಆ ಪ್ರಾಣಿಯ ದಿನಚರಿಯನ್ನು ಚೆನ್ನಾಗಿ ಬಲ್ಲವರೆಂಬುದರಲ್ಲಿ ಸಂದೇಹವಿಲ್ಲ. ಏಕೆಂದರೆ ಅದು ಆ ಗೂಟವನ್ನು ಆರಿಸಿಕೊಳ್ಳುವುದು ಮೆರೆಯುವುದಕ್ಕಾಗಿ ಮಾತ್ರವಲ್ಲ, ಬಿಸಿಲಿಗಾಗಿ. ಆಷಾಢದಲ್ಲಿ ಮಳೆ ಹೊಳವಾದ ಅರ್ಧಗಂಟೆಯಲ್ಲಿ ನೋಡಿ, ಎಲ್ಲಿ ಅಡಗಿತ್ತೋ ಎಂಬಂತಿದ್ದ ಓತಿಯೊಂದು ಗೂಟದ ತುದಿಗೆ ಬಂದು, ಮೈಯನ್ನು ಸೂರ್ಯನ ದಿಕ್ಕಿಗೆ ಓರೆಯಾಗಿಸಿ, ಮೈಬಣ್ಣವನ್ನು ಗಾಢವಾಗಿಸಿಕೊಂಡು ಕುಳಿತುಬಿಡುತ್ತದೆ. ಮೋಡ ಮುಚ್ಚಿತೆಂದರೆ ಮತ್ತೆ ಮಾಯ.

ಸ್ತನಿಗಳಾದ ನಾವು ತಿಂದ ಅನ್ನದ ಬಹುಭಾಗವನ್ನು ದೇಹವನ್ನು ಬೆಚ್ಚಗಿಡುವುದಕ್ಕಾಗಿಯೇ ಉರಿಸುತ್ತೇವೆ. ಒಲೆ ಒಳಗೇ ಇದೆ. ಓತಿಗೆ ಒಲೆ ಹೊರಗೆ. ಗಡ್ಡದ ಓತಿ ಎಚ್ಚರವಿದ್ದಾಗ ತನ್ನ ದೇಹವನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್ಸಿನಲ್ಲಿಡಲು ಯತ್ನಿಸುತ್ತದೆ. ಅದಕ್ಕಾಗಿ ಬಿಸಿಲು ಕಾಯುವ ತಾಣದಲ್ಲಿ 38ರಿಂದ 42 ಡಿಗ್ರಿಯ ಶಾಖವೂ, ಹೆಚ್ಚಾದಾಗ ಸರಿದುಕೊಳ್ಳಲು 25 ಡಿಗ್ರಿಯ ಸುಮಾರಿನ ತಂಪುಮೂಲೆಯೂ ಬೇಕು. ಆ ಶಾಖ ದೊರೆತರೆ ಜೀರ್ಣಶಕ್ತಿ ನಡೆಯುತ್ತದೆ, ರೋಗನಿರೋಧವೂ ನಡೆಯುತ್ತದೆ, ಕಣ್ಣು ಹುಳುವನ್ನು ಹುಡುಕುತ್ತದೆ. ದೊರೆಯದಿದ್ದರೆ ಇವೆಲ್ಲವೂ ಒಂದೊಂದಾಗಿ ಬಾಗಿಲೆಳೆದುಕೊಳ್ಳುತ್ತವೆ. ಹೀಗಾಗಿ ‘ಓತಿ ಸೋಮಾರಿಯಾಗಿದೆ’ ಎಂಬ ವಾಕ್ಯದಲ್ಲಿ ಕರ್ತೃಪದವೇ ತಪ್ಪು. ಸೋಮಾರಿಯಾದದ್ದು ಒಲೆ ಇರಬಹುದು.

ಶಾಖದ ಜೊತೆಗೆ ಬೆಳಕಿನ ಲೆಕ್ಕ. ಗಡ್ಡದ ಓತಿಯ ನೆತ್ತಿಯ ನಡುವೆ, ಸೂಕ್ಷ್ಮವಾಗಿ ನೋಡಿದರೆ, ಹುರುಪೆಗಳ ಮಧ್ಯೆ ಒಂದು ಮಸುಕಾದ ಚುಕ್ಕೆ ಕಾಣುತ್ತದೆ, ಓತಿಕ್ಯಾತನಿಗೂ ಇದುಂಟು. ಅದೇ ಇವುಗಳ ಮೂರನೆಯ ಕಣ್ಣು. ಪುರಾಣದಲ್ಲಿ ಮೂರನೆಯ ಕಣ್ಣು ಸುಡುವುದಕ್ಕೆ, ಇಲ್ಲಿ ಸಮಯ ತಿಳಿಯುವುದಕ್ಕೆ. ಅದು ಆಕೃತಿಗಳನ್ನು ಕಾಣದು; ಬೆಳಕು ಕತ್ತಲೆಗಳ ಏರಿಳಿತವನ್ನು ಮಾತ್ರ ಗ್ರಹಿಸಿ, ಮಿದುಳಿನ ಪೀನಿಯಲ್ ಗ್ರಂಥಿಯ ಜೊತೆಗೂಡಿ ಮೆಲಟೋನಿನ್ ಎಂಬ ನಿದ್ರಾರಸದ ಹೊತ್ತುಗೊತ್ತುಗಳನ್ನು ನಿಯಮಿಸುತ್ತದೆ. ಕಳಸ ಮೂಡಿಗೆರೆಗಳಿರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿಯ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಅಂತರ ಒಂದೂವರೆ ಗಂಟೆಯಷ್ಟೇ. ಆದರೆ ನಮ್ಮ ಮಳೆಗಾಲವು ಪಂಚಾಂಗದ ಹಗಲನ್ನು ಲೆಕ್ಕಕ್ಕಿಡುವುದಿಲ್ಲ. ಜೂನ್ ತಿಂಗಳ ನಡುಹಗಲಿನಲ್ಲಿಯೂ ದೀಪ ಹಚ್ಚದೆ ಅಕ್ಕಿ ಆರಿಸಲಾಗದ ಮನೆಯೊಳಗೆ, ನೆತ್ತಿಗಣ್ಣಿನ ಪ್ರಾಣಿಗೆ ಹಗಲಾಯಿತೆಂದು ಹೇಳುವವರು ಯಾರು?

ಹುಡುಗಿ ಇದಕ್ಕೊಂದು ಉಪಾಯ ಮಾಡಿದ್ದಳು. ಹಳೆಯ ಹೆಂಚಿನ ಮನೆಗಳ ಮಾಡಿನಲ್ಲಿ ನಡುನಡುವೆ ಗಾಜಿನ ಹೆಂಚನ್ನು ಹೊದಿಸಿರುತ್ತಾರಷ್ಟೆ. ಅದರ ಕೆಳಗೆ ಸರಿಯಾಗಿ ಪೆಟ್ಟಿಗೆಯನ್ನು ಇಟ್ಟಿದ್ದಳು, ಆಕಾಶದ ಬೆಳಕು ಬೀಳಲಿ ಎಂದು. ಉಪಾಯ ಸುಂದರವಾದದ್ದು, ಪ್ರಯೋಜನ ಅರ್ಧದ್ದು. ಓತಿಯ ಚರ್ಮದಲ್ಲಿ ಡಿ3 ಜೀವಸತ್ವ ಉತ್ಪನ್ನವಾಗಲು ಬೇಕಾದ ಯುವಿ-ಬಿ ಕಿರಣಗಳನ್ನು ಗಾಜು ತಡೆದುಬಿಡುತ್ತದೆ. ಡಿ3 ಇಲ್ಲದೆ ಸುಣ್ಣದ ಸತ್ತ್ವ ಮೂಳೆಗೆ ಸೇರದು; ಸೇರದಿದ್ದರೆ ದವಡೆ ಮೆತ್ತಗಾಗಿ, ಕಾಲುಗಳು ಕಂಪಿಸಿ, ಪ್ರಾಣಿ ಏಳಲಾರದೆ ಬಿದ್ದುಕೊಳ್ಳುತ್ತದೆ, ಮತ್ತು ನೋಡುವವರು ಅದನ್ನು ನಿದ್ರೆಯೆಂದೇ ಭಾವಿಸುತ್ತಾರೆ. ಅದಕ್ಕೆಂದೇ ತಯಾರಾದ ಯುವಿ ದೀಪ ಇವರ ಮನೆಯಲ್ಲಿತ್ತು. ಆದರೆ ಅದು ಎರಡು ವರ್ಷದ ಹಳೆಯದು. ಈ ದೀಪಗಳು ಕಣ್ಣಿಗೆ ಉರಿಯುತ್ತಲೇ ಇದ್ದು, ಆರು ತಿಂಗಳು ವರ್ಷದೊಳಗೆ ಕಾಣದ ಕಿರಣಗಳನ್ನು ಕಳೆದುಕೊಳ್ಳುತ್ತವೆ. ಪೆನ್ಷನ್ ಪಡೆದ ಮೇಲೂ ಕಚೇರಿಗೆ ಬಂದು ಕೂರುವ ಗುಮಾಸ್ತರ ಹಾಗೆ.

ಇನ್ನು ನಿದ್ರೆ. ಸರೀಸೃಪಗಳ ನಿದ್ರೆಯನ್ನು ಬಹುಕಾಲ ವಿಜ್ಞಾನಿಗಳು ಅಷ್ಟಾಗಿ ಮನ್ನಿಸಿರಲಿಲ್ಲ. ಮನುಷ್ಯನ ನಿದ್ರೆಯಲ್ಲಿ ಕಣ್ಣಾಲಿಗಳು ರೆಪ್ಪೆಯ ಕೆಳಗೆ ವೇಗವಾಗಿ ಹೊರಳಾಡುವ ಘಟ್ಟವೊಂದುಂಟೆಂದು ಷಿಕಾಗೊ ನಗರದ ಅಸೆರಿನ್ಸ್ಕಿ ಮತ್ತು ಕ್ಲೈಟ್ಮನ್ ಎಂಬವರು 1953ರಲ್ಲಿ ಪ್ರಕಟಿಸಿದಂದಿನಿಂದ, ಸ್ವಪ್ನದೊಡನೆ ಹೆಣೆದುಕೊಂಡ ಆ ಘಟ್ಟವು ಸ್ತನಿಗಳಿಗೂ ಪಕ್ಷಿಗಳಿಗೂ ಮೀಸಲಾದ ಸೌಭಾಗ್ಯವೆಂಬ ನಂಬಿಕೆ ಬೆಳೆದಿತ್ತು. 2016ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನ ಸಂಸ್ಥೆಯಲ್ಲಿ ಜಿಲ್ ಲೊರಾಂ ಅವರ ಬಳಗವು ನಿದ್ರಿಸುತ್ತಿರುವ ಓತಿಗಳ ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸಿ, ಅವುಗಳಲ್ಲಿಯೂ ಮಂದತರಂಗದ ನಿದ್ರೆ ಮತ್ತು ಕಣ್ಣಾಲಿ ಹೊರಳುವ ನಿದ್ರೆ ಎಂಬ ಎರಡು ಅವಸ್ಥೆಗಳು ಸರದಿಯಲ್ಲಿ ಬಂದುಹೋಗುತ್ತವೆ ಎಂದು ತೋರಿಸಿತು. ಆ ಓತಿ ಮತ್ತಾವುದೂ ಅಲ್ಲ, ನಮ್ಮ ಮಂದಣ್ಣನ ಜಾತಿಯದೇ. ನಮ್ಮಲ್ಲಿ ಇಂತಹ ಒಂದು ಆವರ್ತಕ್ಕೆ ಸುಮಾರು 90 ನಿಮಿಷ ಹಿಡಿಯುತ್ತದೆ, ರಾತ್ರಿಗೆ ನಾಲ್ಕೈದು ಆವರ್ತಗಳಾಗುತ್ತವೆ. ಗಡ್ಡದ ಓತಿಗೆ ಒಂದು ಆವರ್ತ ಸುಮಾರು 80 ಸೆಕೆಂಡು, ರಾತ್ರಿಯೊಂದಕ್ಕೆ ಮುನ್ನೂರೈವತ್ತರವರೆಗೆ. ಹುಡುಗಿಗೆ ಇದನ್ನು ಹೇಳಿದಾಗ ಆಕೆ, ಅಷ್ಟು ಸಲ ಕನಸು ಬಿದ್ದರೆ ಸುಸ್ತಾಗದೆ ಇರುತ್ತದೆಯೇ ಎಂದು ಕೇಳಿದಳು.

ಕನಸಿನ ಮಾತನ್ನು ಅಷ್ಟು ಬೇಗ ಆಡಬಾರದು. 2018ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಸಂಶೋಧಕರು ಗಡ್ಡದ ಓತಿಯ ಜೊತೆಗೆ ದಕ್ಷಿಣ ಅಮೆರಿಕದ ತೇಗು ಎಂಬ ದೊಡ್ಡ ಹಲ್ಲಿಯನ್ನೂ ಪರೀಕ್ಷಿಸಿ, ಎರಡರಲ್ಲಿಯೂ ಎರಡು ಅವಸ್ಥೆಗಳಿದ್ದರೂ ಅವುಗಳ ಲಕ್ಷಣಗಳು ಒಂದೇ ಅಚ್ಚಿನವಲ್ಲವೆಂದು ಕಂಡರು. ಹೀಗಿರಲು ಓತಿಯ ಕನಸಿನ ಮಾತು ಸದ್ಯಕ್ಕಿರಲಿ. ನನ್ನ ಕೆಲಸಕ್ಕೆ ಬೇಕಾದ ಅಂಶ ಬೇರೆ: ಇರುಳಿನ ನಿದ್ರೆಯೆಂಬುದು ಓತಿಗೂ ಒಂದು ವ್ಯವಸ್ಥಿತವಾದ ಕಾರ್ಯ, ಬರಿಯ ಜಡತ್ವವಲ್ಲ, ಅದಕ್ಕೆ ಕತ್ತಲೆ ಬೇಕು, ಹಗಲಿಗಿಂತ ತಂಪೂ ಬೇಕು. ರಾತ್ರಿಯೆಲ್ಲ ಕೆಂಪು ಬಲ್ಬು ಉರಿಸಿದರೆ ಓತಿಗೆ ಅದು ಕಾಣುವುದಿಲ್ಲವೆಂದು ಅಂಗಡಿಗಳಲ್ಲಿ ಹೇಳುವುದುಂಟು, ಕಾಣುತ್ತದೆ. ಊಟದ ಕೋಣೆಯ ದೀಪವನ್ನು ಹನ್ನೊಂದರವರೆಗೆ ಉರಿಸುವ ಮನೆಯಲ್ಲಿ ಪೆಟ್ಟಿಗೆಯ ಮೇಲೊಂದು ದಪ್ಪ ಬಟ್ಟೆ ಹೊದಿಸುವುದು ಪ್ರಾಣಿಗೆ ಮಾಡುವ ಉಪಕಾರ.

ನಮ್ಮ ನಾಡಿನ ಓತಿಗಳು ಈ ಕತ್ತಲೆಯನ್ನು ಹೇಗೆ ಅರಸುತ್ತವೆಂಬುದಕ್ಕೆ ಬೆಂಗಳೂರಿನಲ್ಲಿಯೇ ಸಾಕ್ಷಿಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಅವರ ಬಳಗವು, ಬಂಡೆಗಳ ಮೇಲೆ ಬಾಳುವ ಓತಿಯೊಂದು ನಗರದ ಗೋಡೆಗಳ ನಡುವೆ ಎಲ್ಲಿ ಮಲಗುತ್ತದೆಂದು ರಾತ್ರಿಯ ಹೊತ್ತು ಹುಡುಕಿ, ಹಳ್ಳಿಯ ಓತಿಗಳ ಮಲಗುದಾಣಗಳೊಡನೆ ಹೋಲಿಸಿ ನೋಡಿತು. ಇಡೀ ಊರು ದೀಪಮಯವಾಗಿದ್ದರೂ, ನಗರದ ಓತಿಗಳು ಬಂಡೆಯಂತೆ ಒರಟಾದ ಕಾಂಕ್ರೀಟನ್ನೂ ಬೆಳಕು ಬೀಳದ ಸಂದಿಗಳನ್ನೂ ಆಯ್ದುಕೊಂಡು, ಶಾಖದಲ್ಲಿಯೂ ಕತ್ತಲೆಯಲ್ಲಿಯೂ ಹಳ್ಳಿಯ ಬಂಡೆಯನ್ನೇ ಹೋಲುವ ಹಾಸಿಗೆಯನ್ನು ಕಂಡುಕೊಂಡಿದ್ದವು. ಗಾಜಿನ ಪೆಟ್ಟಿಗೆಯ ನಿವಾಸಿಗೆ ಈ ಆಯ್ಕೆಯೊಂದೇ ಇಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಹಗಲಿನಲ್ಲಿಯೂ ದಿನಗಟ್ಟಲೆ ಮಲಗುವ ಓತಿಯ ವಿಷಯದಲ್ಲಿ ಎರಡು ಸಾಧ್ಯತೆಗಳು ಪರಸ್ಪರ ವೇಷ ಧರಿಸಿಕೊಂಡು ಬರುತ್ತವೆ. ಒಂದು, ಋತುನಿದ್ರೆ. ಕರಡಿ ಮೊದಲಾದ ಸ್ತನಿಗಳ ಶಿಶಿರನಿದ್ರೆಯಿಂದ ಸರೀಸೃಪಗಳದನ್ನು ಬೇರ್ಪಡಿಸಲು ಅಮೆರಿಕದ ಮೇಹ್ಯೂ ಎಂಬ ಪ್ರಾಣಿಶಾಸ್ತ್ರಜ್ಞರು 1965ರಲ್ಲಿ ಬ್ರುಮೇಷನ್ ಎಂಬ ಪದವನ್ನು ಬಳಕೆಗೆ ತಂದರು. ಚಳಿಗಾಲವನ್ನು ಸೂಚಿಸುವ ಲ್ಯಾಟಿನ್ ಮಾತಿನಿಂದ ಅದು ಹುಟ್ಟಿದೆ. ಈ ಸ್ಥಿತಿಯಲ್ಲಿ ಪ್ರಾಣಿ ಆಹಾರವನ್ನು ನಿರಾಕರಿಸಿ ಮೂಲೆ ಸೇರುತ್ತದೆ, ವಾರಗಟ್ಟಲೆ ಮಲಗುತ್ತದೆ. ನಡುವೆ ಒಮ್ಮೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು, ನೀರು ಕುಡಿದು, ಮರಳಿ ಮಲಗುವುದೂ ಉಂಟು. ಆಸ್ಟ್ರೇಲಿಯದಲ್ಲಿ ಚಳಿಗಾಲವೆಂದರೆ ಜೂನ್ ಜುಲೈ ಆಗಸ್ಟ್. ನಮ್ಮ ಆರಿದ್ರಾದಿಂದ ಮಖೆಯವರೆಗಿನ ಮಳೆಯೂ ಅದೇ ತಿಂಗಳುಗಳಲ್ಲಿ ಸುರಿಯುತ್ತದೆ. ಅಂದರೆ ನಮ್ಮ ಓತಿಕ್ಯಾತ ತಲೆ ಕೆಂಪಗೆ ಮಾಡಿಕೊಂಡು ಹೆಣ್ಣನ್ನು ಓಲೈಸುವ, ಹೆಣ್ಣು ಒದ್ದೆ ಮಣ್ಣು ಕೆದಕಿ ಮೊಟ್ಟೆಯಿಡುವ ಕಾಲದಲ್ಲಿಯೇ, ಗಾಜಿನೊಳಗಿನ ದಾಯಾದಿಗೆ ತಂಪೂ ಕತ್ತಲೆಯೂ ಕವಿದು ಮಲಗುವ ಮನಸ್ಸಾಗುತ್ತದೆ. ಕುಲ ಒಂದೇ, ಪಂಚಾಂಗ ಎರಡು.

ಎರಡನೆಯ ಸಾಧ್ಯತೆ, ರೋಗ. ಹೊಟ್ಟೆಯಲ್ಲಿ ಪರಾವಲಂಬಿ ಹುಳುಗಳು ಹೆಚ್ಚಿದಾಗ, ಹೇಳಿದಂತೆ ಮೂಳೆ ಸೋತಾಗ, ಮಲಬದ್ಧತೆಯಾದಾಗ, ಮಲೆನಾಡಿನ ಮಳೆಗಾಲದ ತೇವದಲ್ಲಿ ಶ್ವಾಸಕೋಶಕ್ಕೆ ಸೋಂಕು ತಗಲಿದಾಗಲೂ ಓತಿ ಮಲಗಿಬಿಡುತ್ತದೆ. ಕಡೆಯದು ಇಲ್ಲಿಯ ವಿಶೇಷ ಭಯ. ಒಣಹವೆಗೆ ಹುಟ್ಟಿದ ಪುಪ್ಪುಸಗಳು, ಗೋಡೆಯ ಮೇಲೆ ಪಾಚಿ ಬೆಳೆಯುವ, ಕಪಾಟಿನೊಳಗಿನ ಚಪ್ಪಲಿಗೆ ಬೂಷ್ಟು ಹಿಡಿಯುವ ನಮ್ಮ ಶ್ರಾವಣದ ಗಾಳಿಯನ್ನು ಸಹಿಸುವುದು ಕಷ್ಟ. ಬಾಯಿ ತೆರೆದುಕೊಂಡೇ ಉಸಿರಾಡುವುದು, ಮೂಗು ಬಾಯಿಗಳಲ್ಲಿ ಗುಳ್ಳೆ ನೊರೆ ಕಾಣುವುದು ಅದರ ಸೂಚನೆ. ಬಿಸಿಲು ಕಾಯುವಾಗ ದೇಹ ಹೆಚ್ಚು ಕಾದು ಬಾಯಿ ತೆರೆಯುವುದು ಬೇರೆ, ಅದು ಸಹಜ. ಪೊರೆ ಬಿಡುವ ಮುನ್ನಾದಿನಗಳಲ್ಲಿ ಮಂಕಾಗುವುದು, ಹೆಣ್ಣು ಓತಿ ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ತುಂಬಿಕೊಂಡು ನೆಲ ಕೆರೆದು ಚಡಪಡಿಸುವುದು, ಗಾಜಿನಲ್ಲಿ ತನ್ನ ಪ್ರತಿಬಿಂಬವನ್ನೇ ಶತ್ರುವೆಂದು ತಿಳಿದು ಮುಂಗಾಲುಗಳಿಂದ ಗೋಡೆ ಹತ್ತಲೆತ್ನಿಸುವುದು, ಇವೂ ಚಟುವಟಿಕೆಯ ಬದಲಾವಣೆಗಳೇ. ಅವುಗಳ ವಿಸ್ತಾರ ಇಲ್ಲಿ ಬೇಡ.

ಎರಡನ್ನು ಬೇರ್ಪಡಿಸುವ ಉಪಕರಣ ಯಾವ ಆಸ್ಪತ್ರೆಯದೂ ಅಲ್ಲ, ಅಡಿಗೆಮನೆಯ ತಕ್ಕಡಿ. ಋತುನಿದ್ರೆಯಲ್ಲಿರುವ ಆರೋಗ್ಯವಂತ ಓತಿಯ ತೂಕ ವಾರದಿಂದ ವಾರಕ್ಕೆ ಅಷ್ಟಾಗಿ ಇಳಿಯುವುದಿಲ್ಲ, ಬಾಲದ ಬುಡ ತುಂಬಿಕೊಂಡೇ ಇರುತ್ತದೆ, ಎತ್ತಿದರೆ ಅಸಮಾಧಾನದಿಂದಲಾದರೂ ಕಣ್ಣು ತೆರೆಯುತ್ತದೆ. ರೋಗಿಯ ತೂಕ ಸೋರುತ್ತದೆ, ಕಣ್ಣು ಗುಳಿ ಬೀಳುತ್ತದೆ, ಮಲ ಕೆಡುತ್ತದೆ. ವರ್ಷ ತುಂಬದ ಮರಿ ದಿನಗಟ್ಟಲೆ ಮಲಗಿತೆಂದರೆ ಋತುನಿದ್ರೆಯ ಸಮಾಧಾನ ಹೇಳಿಕೊಳ್ಳದೆ, ಸರೀಸೃಪಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ಒಯ್ಯುವುದೇ ಸರಿ. ಅಂತಹವರು ತಾಲ್ಲೂಕು ಕೇಂದ್ರಗಳಲ್ಲಿ ದುರ್ಲಭರಾದ್ದರಿಂದ ಶಿವಮೊಗ್ಗ, ಹಾಸನ, ಹೆಬ್ಬಾಳಗಳ ಪಶುವೈದ್ಯ ಕಾಲೇಜುಗಳ ದಾರಿಯನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.

ನಾನು ಮಾತ್ರ ಅಂದು ಮಂದಣ್ಣನನ್ನು ನೋಡುವುದಕ್ಕೆ ಮುಂಚೆ ದೀಪವನ್ನು ನೋಡಿದೆ. ನೂರು ವಾಟಿನ ಹ್ಯಾಲೊಜೆನ್ ಬಲ್ಬು ಉರಿಯುತ್ತಿತ್ತು. ಆದರೆ ಅದರ ಬೆಳಕಿನಲ್ಲಿ ಒಂದು ಹಳದಿಯ ಮಂಕು, ಕಾಮಾಲೆಯವನ ಕಣ್ಣಿನಂತೆ. ಕೈಯೊಡ್ಡಿದರೆ ಬೆಚ್ಚಗಿತ್ತೇ ಹೊರತು ಬಿಸಿಯಿರಲಿಲ್ಲ. ಬಲ್ಬಿನ ಕೆಳಗಿನ ಕಲ್ಲಿನ ಮೇಲೆ ಉಷ್ಣಮಾಪಕವನ್ನು ಇಟ್ಟು ಹತ್ತು ನಿಮಿಷ ಕಾದೆವು. 29 ಡಿಗ್ರಿ. ನಲವತ್ತಿರಬೇಕಾದ ಕಡೆ ಇಪ್ಪತ್ತೊಂಬತ್ತು! ತಮ್ಮನು ಪಂಪುಸೆಟ್ಟಿನ ಬಳಿಯ ಮೀಟರನ್ನು ನೋಡಿ ಬಂದು, ವೋಲ್ಟೇಜು ನೂರಅರವತ್ತರ ಆಜೂಬಾಜಿನಲ್ಲಿದೆ, ಮೃಗಶಿರ ಹಿಡಿದಂದಿನಿಂದ ಹೀಗೆಯೇ, ಎಂದ. ಕಂಬದ ಮೇಲೆ ಮರ ಬಿದ್ದು ಮೂರು ದಿನ ಕರೆಂಟು ಹೋಗುವುದು ಎಲ್ಲರ ಗಮನಕ್ಕೂ ಬರುತ್ತದೆ. ಹೋಗದೆ, ಬಂದೂ ಬಾರದಂತೆ ಇರುವುದು ಯಾರ ಗಮನಕ್ಕೂ ಬಾರದು. ತಂತಿಯನ್ನು ಕಾಯಿಸಿ ಬೆಳಗುವ ಬಲ್ಬಿನಲ್ಲಿ ವೋಲ್ಟೇಜು ಮೂರನೆಯ ಒಂದು ಪಾಲು ಇಳಿದರೆ ಶಾಖ ಹತ್ತಿರಹತ್ತಿರ ಅರ್ಧಕ್ಕೆ ಕುಸಿಯುತ್ತದೆ. ದೀಪ ಉರಿಯುತ್ತಿದೆಯೆಂದು ಹುಡುಗಿ ನಂಬಿದ್ದಳು, ಓತಿ ನಂಬಿರಲಿಲ್ಲ.

ಅಜ್ಜಿ, ಎಂದರೆ ತಮ್ಮನ ಅತ್ತೆ, ಇಷ್ಟು ಹೊತ್ತು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದವರು, “ಬಚ್ಚಲೊಲೆ ಹತ್ರ ಇಡೋಕೇನಾಗಿತ್ತು? ಬೆಕ್ಕೂ ಅಲ್ಲೇ ಮಲಗತ್ತೆ” ಎಂದರು. ಹೊಗೆಯ ಕಾರಣದಿಂದ ಆ ಸಲಹೆಯನ್ನು ನಾವು ಸ್ವೀಕರಿಸಲಿಲ್ಲ. ಬೆಕ್ಕಿನ ಕಾರಣವೂ ಇತ್ತು. ತಮ್ಮನು ಸ್ಟೆಬಿಲೈಸರ್ ಒಂದನ್ನು ತಂದು ಜೋಡಿಸಿದ, ಬಲ್ಬಿಗೆ ಇನ್ನೊಂದು ಬಲ್ಬು ಜೊತೆಯಾಯಿತು, ಮೂರನೆಯ ದಿನ ಕಲ್ಲಿನ ಮೇಲೆ 39 ಡಿಗ್ರಿ ಕಂಡಿತು. ಆ ಮಧ್ಯಾಹ್ನ ಮಂದಣ್ಣ ಇಟ್ಟಿಗೆಯ ಸಂದಿಯಿಂದ ಹೊರಬಂದ. ಒಮ್ಮೆಗೇ ಅಲ್ಲ: ಮೊದಲು ತಲೆ, ಆಮೇಲೆ ಬಲಗೈ, ಆಮೇಲೆ ಕಾಲು ಗಂಟೆಯ ವಿಶ್ರಾಂತಿ, ಆಮೇಲೆ ಉಳಿದದ್ದು. ಕಲ್ಲಿನ ಮೇಲೆ ಹತ್ತಿ ಕುಳಿತು, ಮೈಯ ಮೇಲಣ ಮಸುಕು ಬೂದಿಬಣ್ಣವನ್ನು ಅರ್ಧಗಂಟೆಯಲ್ಲಿ ಹುರಿದ ಕಾಫಿಬೀಜದ ಕಡೆಗೆ ತಿರುಗಿಸಿ, ಹುಡುಗಿ ಮುಂದೆ ಹಿಡಿದ ದಾಸವಾಳದ ಹೂವನ್ನು ಮೊದಲು ಒಂದು ಕಣ್ಣಿನಿಂದಲೂ ನಂತರ ಇನ್ನೊಂದರಿಂದಲೂ ಪರಿಶೀಲಿಸಿ, ನಾಲಿಗೆ ಚಾಚಿ ಎಳೆದುಕೊಂಡ.

ಇಲ್ಲಿಗೆ ಕಥೆ ಮುಗಿದಿದ್ದರೆ ಲೇಖಕನಿಗೆ ಅನುಕೂಲವಾಗುತ್ತಿತ್ತು. ಐದು ದಿನ ತಿಂದು ತಿರುಗಾಡಿದವನು ಆರನೆಯ ದಿನ, ಶಾಖ ಸರಿಯಾಗಿದ್ದಂತೆಯೇ, ಮರಳಿ ಮಲಗಿದ. ಈ ಬಾರಿ ಗಾಬರಿಗೆ ಬದಲಾಗಿ ತಕ್ಕಡಿ ಬಂತು. ಮಲವನ್ನು ಪರೀಕ್ಷಿಸಿದ ಪಶುವೈದ್ಯರು ಹುಳುಗಳಿಲ್ಲವೆಂದರು. ಹೊಟ್ಟೆ ಖಾಲಿಯಾಗಿರುವುದನ್ನು ಖಚಿತಪಡಿಸಿಕೊಂಡೆವು, ಏಕೆಂದರೆ ತಣ್ಣನೆಯ ದೇಹದಲ್ಲಿ ಜೀರ್ಣವಾಗದ ಆಹಾರ ಕೊಳೆತು ವಿಷವಾಗಬಲ್ಲದು; ಮಲಗಿದ ಓತಿಯ ಬಾಯಿಗೆ ಅನುಕಂಪದಿಂದ ತುರುಕುವ ತುತ್ತು ಕೊಲ್ಲುವುದು ಹೀಗೆ. ಹಸಿರು ಶಾಯಿಯ ಅಂಕಣದಲ್ಲಿ ಈಗ ಮಾತುಗಳು ಕಡಿಮೆಯಾಗಿ ಅಂಕಿಗಳು ಬಂದವು: ಬೆಳಗಿನ ಶಾಖ, ಸಂಜೆಯ ಶಾಖ, ದೀಪ ಹತ್ತಿದ್ದು, ಆರಿದ್ದು, ಭಾನುವಾರ ಭಾನುವಾರ ತೂಕ. ಪುನರ್ವಸು ಮಳೆಯ ಮೊದಲ ಭಾನುವಾರ 412 ಗ್ರಾಂ, ಆಶ್ಲೇಷದಲ್ಲಿ 407. ಅದೇ ಸಾಲಿನ ಎಡಕ್ಕೆ ಮಳೆ: ಐದು ಇಂಚು ಹತ್ತು ಸೆಂಟು. ಐದು ವಾರದಲ್ಲಿ ಐದು ಗ್ರಾಂ ಕಳೆದುಕೊಂಡವನು ರೋಗಿಯಲ್ಲ, ನಿದ್ರಾಳು. ಮೊದಲ ನಿದ್ರೆ ವೋಲ್ಟೇಜಿನದು, ಎರಡನೆಯದು ಋತುವಿನದು. ಗಾಜಿನ ಹೊರಗಿನಿಂದ ಎರಡಕ್ಕೂ ಒಂದೇ ಮುಖ. ಬಿಡಿಯಾದ ಒಂದು ದಿನವನ್ನು ನೋಡಿ ಯಾರೂ ಅದನ್ನು ಹೇಳಲಾರರು, ಒಂದು ದಿನದ ಸೆಂಟನ್ನು ನೋಡಿ ಮುಂಗಾರು ಹೇಗಿತ್ತೆಂದು ಹೇಳಲಾಗದಂತೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಸೇರಿಸಬೇಕು. ಮೇ ತಿಂಗಳ ಕೊನೆಗೆ, ಮೊದಲ ಮಳೆಗಳ ಬೆನ್ನಿಗೆ, ನಮ್ಮ ತೋಟಗಳ ಹಾಲುವಾಣ ಮರಗಳೆಲ್ಲ ಮಿಣುಕುಹುಳುಗಳಿಂದ ಹತ್ತಿ ಆರುತ್ತವೆ. ಮಕ್ಕಳು ಸೀಸೆಯಲ್ಲಿ ಹಿಡಿದು ತರುತ್ತಾರೆ. ಅಮೆರಿಕದಲ್ಲಿ ಅಲ್ಲಿಯ ಮಿಣುಕುಹುಳುಗಳನ್ನು ತಿಂದ ಗಡ್ಡದ ಓತಿಗಳು ಗಂಟೆಗಳೊಳಗೆ ಸತ್ತ ಪ್ರಸಂಗಗಳನ್ನು 1999ರಲ್ಲಿ ವಿಜ್ಞಾನಿಗಳು ದಾಖಲಿಸಿದ್ದಾರೆ. ಆ ಹುಳುಗಳಲ್ಲಿ ಹೃದಯವನ್ನು ಕೆಡಿಸುವ ವಿಷವಿದೆ. ಅಮೆರಿಕದ ಆ ಮಿಣುಕುಹುಳುಗಳಿಲ್ಲದ ನಾಡಿನಲ್ಲಿ ವಿಕಾಸಗೊಂಡ ಹೊಟ್ಟೆಬಾಕನಿಗೆ ಬೆಳಕು ತಿನ್ನಬಾರದೆಂಬ ವಿವೇಕ ಹುಟ್ಟಲಿಲ್ಲ. ನುಗ್ಗೆಸೊಪ್ಪು, ಸಿಹಿಗುಂಬಳ, ದಾಸವಾಳ, ಅಂಗಡಿಯಿಂದ ತಂದ ಹುಳು, ಇಷ್ಟು ಸಾಕು. ಅಂಗಳದ ಹುಳುವನ್ನು ಹಿಡಿದು ಕೊಡುವ ಪ್ರೀತಿ ಬೇಡ. ಹಾಗೆಯೇ ಅಂಗಳದ ಓತಿಯನ್ನು ಹಿಡಿದು ತಂದು ಪೆಟ್ಟಿಗೆಗೆ ಜೊತೆ ಮಾಡುವ ಪ್ರೀತಿಯೂ ಬೇಡ.

ಹಸ್ತಾ ಮಳೆಯ ವೇಳೆಗೆ ನಾನು ಮತ್ತೊಮ್ಮೆ ಹೋದೆ. ಊಟವಾದ ಮೇಲೆ, ಮಳೆ ನಿಂತಿದ್ದರಿಂದ, ಹುಡುಗಿಯೂ ನಾನೂ ಟಾರ್ಚು ಹಿಡಿದು ಕಣದ ಅಂಚಿನವರೆಗೆ ನಡೆದೆವು. ರೋಬಸ್ಟಾ ಗಿಡವೊಂದರ ಹೊರಚಾಚಿದ ರೆಕ್ಕೆಯ ತೀರ ತುದಿಯಲ್ಲಿ, ಬೆರಳಿಗಿಂತ ತೆಳುವಾದ ಕಡ್ಡಿಯನ್ನು ನಾಲ್ಕು ಕೈಕಾಲುಗಳಿಂದ ತಬ್ಬಿಕೊಂಡು, ಬಾಲವನ್ನು ಇಳಿಬಿಟ್ಟು, ಒಂದು ಓತಿಕ್ಯಾತ ನಿದ್ರಿಸುತ್ತಿತ್ತು. ಹಗಲಿನ ಕಂದು ಮಾಯವಾಗಿ ಮೈಯೆಲ್ಲ ಬೆಳದಿಂಗಳಿನಂತೆ ಬಿಳಿಚಿತ್ತು. ಬೆನ್ನಿನ ಮುಳ್ಳುಗಳ ಮೇಲೆ ಹನಿಗಳು ಸಾಲಾಗಿ ನಿಂತಿದ್ದವು. ತುದಿಯ ಕಡ್ಡಿಯನ್ನೇ ಅದೇಕೆ ಆರಿಸಿಕೊಂಡಿತೆಂಬುದನ್ನು ಊಹಿಸಬಹುದು: ಹಾವು ಹತ್ತಿದರೆ ಕಡ್ಡಿ ಅಲುಗುತ್ತದೆ, ಅಲುಗಿದರೆ ಎಚ್ಚರವಾಗುತ್ತದೆ. ಗಡ್ಡದ ಓತಿಯೂ ಇರುಳಿನಲ್ಲಿ ಬಣ್ಣವನ್ನು ಹೀಗೆಯೇ ತಿಳಿಯಾಗಿಸಿಕೊಂಡು ಹಗಲಿನಲ್ಲಿ ಗಾಢವಾಗಿಸುತ್ತದೆ. ಆಸ್ಟ್ರೇಲಿಯದ ಸಂಶೋಧಕರು ಇದನ್ನು ಅಳೆದು ನೋಡಿದ್ದಾರೆ. ನಾನು ಇದನ್ನೆಲ್ಲ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ, “ಸಾಕು ದೊಡ್ಡಪ್ಪ, ಪಾಪ, ಅದರ ನಿದ್ದೆ ಕೆಡತ್ತೆ” ಎಂದು ಟಾರ್ಚು ಆರಿಸಿಬಿಟ್ಟಳು. ಕತ್ತಲಲ್ಲಿ ಹೆಂಚಿನಿಂದ ನೀರು ತೊಟ್ಟಿಕ್ಕುವ ಸದ್ದನ್ನು ಹಿಡಿದುಕೊಂಡು ಮನೆಗೆ ಹಿಂದಿರುಗಿದೆವು.

ಬೆಳಗ್ಗೆ ಪುಸ್ತಕದಲ್ಲಿ ಮಳೆ 35 ಸೆಂಟು. ಅದರ ಪಕ್ಕದಲ್ಲಿ: ಮಂದಣ್ಣ 7-40ಕ್ಕೆ ಎದ್ದ, ಕಲ್ಲು 40 ಡಿಗ್ರಿ, ದಾಸವಾಳ ಎರಡು, ನುಗ್ಗೆಸೊಪ್ಪು ಸ್ವಲ್ಪ, ಗಾಜಿನಾಚೆಯ ಬೆಕ್ಕನ್ನು ಕಂಡು ಗಡ್ಡ ಕಪ್ಪು. ಹಸಿರು ಶಾಯಿ ಅಂಕಣದಿಂದ ಅಂಕಣಕ್ಕೆ ಹರಡಿ ಈಗ ಪುಟದ ಮುಕ್ಕಾಲು ಪಾಲನ್ನು ಆವರಿಸಿದೆ. ಸೆಂಟು ಬರೆಯಲು ಜಾಗವಿಲ್ಲವೆಂದು ತಮ್ಮ ಗೊಣಗುತ್ತಿದ್ದಾನೆ. ಬರುವ ವರ್ಷಕ್ಕೆ ಅಗಲವಾದ ಪುಸ್ತಕವನ್ನೇ ತರಿಸಬೇಕಂತೆ.